ಹೂಲಿಯ ಬರೆದ ಕಲ್ಲುಗಳು

ಹೂಲಿಯ ಹಳೆಯ ಹೆಸರು ಪೂಲಿ. ಸಾವಿರ ವರ್ಷದ ಹಿಂದಿನ ಶಾಸನಗಳಲ್ಲಿ ಈ ಊರು ಹಾಗೆಯೇ ಕಾಣಿಸಿಕೊಳ್ಳುತ್ತದೆ. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೂ ಹೂವಾಯಿತು. ಅದೇ ಹೊತ್ತಿನಲ್ಲಿ, ಅದೇ ಜನರ ನಾಲಗೆಯ ಮೇಲೆ ಪೂಲಿಯೂ ಹೂಲಿಯಾಯಿತು. ಹಳಗನ್ನಡ ಹೊರಳಿ ಹೊಸ ರೂಪ ತಾಳಿದ್ದಕ್ಕೆ ಸಾಕ್ಷಿ ಬೇಕಾದರೆ ವ್ಯಾಕರಣದ ಪುಸ್ತಕ ತೆರೆಯಬೇಕಾಗಿಲ್ಲ, ಸವದತ್ತಿಯಿಂದ ಹೊರಡುವ ಬಸ್ಸಿನ ಹಣೆಯ ಮೇಲಿನ ಫಲಕ ಓದಿದರೆ ಸಾಕು. ಊರ ಹೆಸರುಗಳ ಬೆನ್ನು ಹತ್ತಿ ಕನ್ನಡಿಗರ ಮೂಲ ಹುಡುಕಿದ ಶಂ. ಬಾ. ಜೋಶಿಯವರು 1896ರಲ್ಲಿ ಹುಟ್ಟಿದ್ದು ಇದೇ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಇಂಥ ಹೆಸರುಗಳನ್ನು ಕೇಳುತ್ತ ಬೆಳೆದ ಹುಡುಗನಿಗೆ ಅಂಥ ಹಂಬಲ ಹುಟ್ಟಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ಸೀಮೆಯನ್ನು ಹೇಳಲು ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಕೊಪಣ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ. ಒಂಕುಂದ ಬೈಲಹೊಂಗಲ ತಾಲ್ಲೂಕಿನಲ್ಲಿ ಮಲಪ್ರಭೆಯ ಹತ್ತಿರ ಇರುವ ಒಕ್ಕುಂದ. ನಕಾಶೆಯ ಮೇಲೆ ಒಕ್ಕುಂದದಿಂದ ಪಟ್ಟದಕಲ್ಲಿಗೆ ಒಂದು ಗೆರೆ ಎಳೆದು ನೋಡಿ. ಅದು ಹೂಲಿಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಇಂದು ಗಡಿ ಜಿಲ್ಲೆ ಎಂದು ಕರೆಸಿಕೊಳ್ಳುವ ಬೆಳಗಾವಿಯ ಈ ಭಾಗ ಆ ಕಾಲಕ್ಕೆ ಕನ್ನಡದ ಒಡಲೇ ಆಗಿತ್ತು. ಹೂಲಿಯ ಕಲ್ಲುಗಳನ್ನು ನೋಡಲು ಹೋಗುವವರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗಬೇಕು.

ಹೂಲಿ ಸವದತ್ತಿಯಿಂದ ಪೂರ್ವಕ್ಕೆ ಸುಮಾರು 9 ಕಿಲೋಮೀಟರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಜೋಳ, ಕಡಲೆ, ಹತ್ತಿ ಬೆಳೆಯುವ ಎರಿ ಭೂಮಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಾಂತರ ಮಂದಿ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ‘ಉಧೋ ಉಧೋ’ ಎನ್ನುತ್ತ ಗುಡ್ಡ ಏರಿ, ಭಂಡಾರ ಹಚ್ಚಿಕೊಂಡು, ಹೋಳಿಗೆ ಕಡುಬಿನ ಪರಡಿ ತುಂಬಿಸಿ ಊರಿಗೆ ಮರಳುತ್ತಾರೆ. ಅವರಲ್ಲಿ ಹೂಲಿಯ ಕಡೆಗೆ ಹೊರಳುವವರು ತೀರಾ ಕಡಿಮೆ.

ಹೊರಳಿದವರಿಗೆ ಅಲ್ಲಿ ಸಿಗುವುದು ಗುಡಿಗಳ ಒಂದು ಊರು. ಪಂಚಲಿಂಗೇಶ್ವರ, ಅಂಧಕೇಶ್ವರ, ಮದನೇಶ್ವರ, ತಾರಕೇಶ್ವರ, ಕಾಶಿ ವಿಶ್ವನಾಥ, ಕಲ್ಮೇಶ್ವರ, ಭವಾನಿಶಂಕರ, ಸೂರ್ಯನಾರಾಯಣ, ಬೀರದೇವರು, ಅಗಸ್ತ್ಯ ತೀರ್ಥ, ಗುಡ್ಡದ ಮೇಲೆ ಕೋಟೆಯ ಗೋಡೆ. ಕೆಲವು ಗುಡಿಗಳಲ್ಲಿ ಇಂದಿಗೂ ದೀಪ ಉರಿಯುತ್ತದೆ. ಹಲವು ಹಾಳುಬಿದ್ದು ಜಾಲಿಯ ಮುಳ್ಳಿನಲ್ಲಿ ಮರೆಯಾಗಿವೆ. ಊರು ಬೆಳೆದದ್ದೇ ಇವುಗಳ ನಡುವೆ. ಗುಡಿಯ ಜಗಲಿ ಹಿರಿಯರು ಕೂತು ಮಾತಾಡುವ ಕಟ್ಟೆಯೂ ಆಗುತ್ತದೆ, ಸುಗ್ಗಿಯಲ್ಲಿ ಕಾಳು ಒಣಗಿಸುವ ಜಾಗವೂ ಆಗುತ್ತದೆ. ಇದನ್ನು ಕಂಡು ಮೂಗು ಮುರಿಯುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಜನ ಕೂಡುವ ಗುಡಿಯ ಚಾವಣಿ ಸೋರಿದರೆ ಯಾರಾದರೂ ತಲೆ ಎತ್ತಿ ನೋಡುತ್ತಾರೆ, ಜನ ಬಿಟ್ಟ ಗುಡಿಯ ಚಾವಣಿ ಕುಸಿದು ಬಿದ್ದ ಮೇಲೇ ಸುದ್ದಿಯಾಗುತ್ತದೆ.

ಪಂಚಲಿಂಗೇಶ್ವರ ಇವುಗಳಲ್ಲಿ ದೊಡ್ಡದು. ಕಲ್ಯಾಣದ ಚಾಲುಕ್ಯರ ಕಾಲದ ಕಟ್ಟಡ, ಕ್ರಿ.ಶ. 1100ರ ಆಸುಪಾಸಿನದು. ಹೆಸರೇ ಹೇಳುವಂತೆ ಐದು ಗರ್ಭಗುಡಿಗಳು, ಐದು ಲಿಂಗಗಳು, ಅವಕ್ಕೆಲ್ಲ ಸೇರಿ ಕಂಬಗಳ ವಿಶಾಲ ಮಂಟಪ. ಒಂದು ಗರ್ಭಗುಡಿಯ ಏಕಕೂಟ, ಎರಡರ ದ್ವಿಕೂಟ, ಮೂರರ ತ್ರಿಕೂಟ ಗುಡಿಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ಐದನ್ನು ಒಂದೇ ಚಾವಣಿಯ ಕೆಳಗೆ ತಂದ ಗುಡಿಗಳು ಅಪರೂಪ. ಇದು ಮೂಲದಲ್ಲಿ ಜೈನ ಬಸದಿಯಾಗಿತ್ತು ಎಂಬ ಅಭಿಪ್ರಾಯವೂ ಹಳೆಯದು. ಊರಿನ ಇತಿಹಾಸ ನೋಡಿದರೆ ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ಈ ಕಾಲದ ಗುಡಿಗಳನ್ನು ನೋಡುವಾಗ ಒಂದೆರಡು ಸಂಗತಿ ತಿಳಿದಿದ್ದರೆ ಕಣ್ಣು ತೆರೆಯುತ್ತದೆ. ಬಾದಾಮಿ ಚಾಲುಕ್ಯರು ಹೆಚ್ಚಾಗಿ ಮರಳುಗಲ್ಲಿನಲ್ಲಿ ಕಟ್ಟಿದರು. ಅವರ ನಂತರ ಬಂದ ಕಲ್ಯಾಣದವರ ಕಾಲದಲ್ಲಿ ಬಳಪದ ಕಲ್ಲಿನ ಬಳಕೆ ಹಬ್ಬಿತು. ಗಣಿಯಿಂದ ತೆಗೆದ ಹೊಸತರಲ್ಲಿ ಅದು ಮೆದು, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿ. ಅದರಿಂದಲೇ ಕಂಬಗಳನ್ನು ತಿರುಗಣೆಗೆ ಹಾಕಿ ಗಂಟೆಯಂತೆ, ಬಟ್ಟಲಂತೆ ಕಡೆಯುವುದು ಸಾಧ್ಯವಾಯಿತು. ಮಂಟಪದ ಅಂಚಿಗೆ ಬೆನ್ನು ಒರಗುವ ಓರೆ ಕಲ್ಲಿನ ಕಕ್ಷಾಸನ ಇಡುವುದು ಈ ಕಾಲದ ರೂಢಿ. ಗುಡಿ ದೇವರಿಗಷ್ಟೇ ಅಲ್ಲದೆ ಕೂತು ಕೇಳುವ, ವಾದಿಸುವ, ನ್ಯಾಯ ತೀರಿಸುವ ಮಂದಿಗೂ ಕಟ್ಟಿದ ಮನೆ ಎಂಬುದಕ್ಕೆ ಈ ಆಸನಗಳೇ ಸಾಕ್ಷಿ. ಗಾರೆ ಹಾಕದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಎಬ್ಬಿಸಿದ ಕಟ್ಟಡಗಳು ಇವು. ತೂಕವೇ ಅವುಗಳನ್ನು ಹಿಡಿದು ನಿಲ್ಲಿಸುತ್ತದೆ. ಚಾವಣಿಯ ಸಂದಿಯಲ್ಲಿ ಹಕ್ಕಿ ಉದುರಿಸಿದ ಒಂದು ಅರಳಿಯ ಬೀಜ ಮೊಳೆತರೆ ಮುಗಿಯಿತು. ಬೇರು ಇಳಿಯುತ್ತ ಕಲ್ಲು ಸರಿಯುತ್ತದೆ, ಸರಿದಲ್ಲಿ ನೀರು ಇಳಿಯುತ್ತದೆ, ನೀರು ಇಳಿದಲ್ಲಿ ತಳಪಾಯ ಕುಸಿಯುತ್ತದೆ. ಇಂಥ ಗುಡಿಗಳನ್ನು ಕೆಡವಲು ದಂಡು ಬರಬೇಕೆಂದಿಲ್ಲ. ಹತ್ತು ಮಳೆಗಾಲ ಯಾರೂ ಮಾಳಿಗೆ ಹತ್ತಿ ಗಿಡ ಕೀಳದಿದ್ದರೆ ಸಾಕು.

ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವರು ಗುಡಿಯ ಜೊತೆಗೆ ಕಲ್ಲನ್ನೂ ಬರೆಸಿ ನಿಲ್ಲಿಸಿದರು. ನನ್ನ ಮಟ್ಟಿಗೆ ಹೂಲಿಯ ನಿಜವಾದ ಸ್ಮಾರಕಗಳು ಆ ಬರೆದ ಕಲ್ಲುಗಳೇ.

ಶಾಸನದ ಕಲ್ಲನ್ನು ಒಮ್ಮೆ ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿ. ತಲೆಯ ಮೇಲೆ ಸೂರ್ಯ, ಚಂದ್ರ. ಅವು ಇರುವವರೆಗೆ ಈ ಕೊಡುಗೆ ನಡೆಯಲಿ ಎಂದು ಅರ್ಥ. ನಡುವೆ ಲಿಂಗ, ಪೂಜಿಸುವ ಯತಿ, ನಂದಿ, ಕರುವಿಗೆ ಹಾಲೂಡುವ ಆಕಳು. ಬಸದಿಯ ಕಲ್ಲಾದರೆ ಲಿಂಗದ ಜಾಗದಲ್ಲಿ ಜಿನಬಿಂಬ. ಅಕ್ಷರ ಬಾರದವನಿಗೂ ಇದು ಯಾರ ಆಸ್ತಿ ಎಂದು ತಿಳಿಯಲಿ ಎಂದೇ ಈ ಚಿತ್ರಗಳು. ಕೆಳಗೆ ಬರಹ. ಮೊದಲು ಆಳುವ ಚಕ್ರವರ್ತಿಯ ಬಿರುದುಗಳು, ಅನಂತರ ಮಾಂಡಲಿಕನ ಹೆಸರು, ಊರ ವರ್ಣನೆ, ಆಮೇಲೆ ಕಾಲ. ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದಾಗ ಶಕವರ್ಷವನ್ನು ಬದಿಗಿಟ್ಟು ತನ್ನದೇ ಲೆಕ್ಕ ಶುರು ಮಾಡಿದ. 1076ರಿಂದ ಎಣಿಸುವ ಈ ಲೆಕ್ಕಕ್ಕೆ ಚಾಲುಕ್ಯ ವಿಕ್ರಮ ವರ್ಷ ಎನ್ನುತ್ತಾರೆ. ಅದರ 22ನೆಯ ವರ್ಷ ಎಂದರೆ 1097. ಸಂವತ್ಸರದ ಹೆಸರು, ತಿಂಗಳು, ತಿಥಿ, ವಾರ, ಗ್ರಹಣವಿದ್ದರೆ ಗ್ರಹಣ, ಸಂಕ್ರಾಂತಿಯಾದರೆ ಸಂಕ್ರಾಂತಿ, ಎಲ್ಲವನ್ನೂ ಬರೆದಿರುತ್ತಾರೆ. ಇಂದಿನ ಖರೀದಿಪತ್ರದಲ್ಲೂ ಇಷ್ಟು ಕರಾರುವಾಕ್ಕು ಇರುವುದಿಲ್ಲ.

ಆಮೇಲೆ ಬರುವುದು ಮುಖ್ಯ ಮಾತು. ಆಚಾರ್ಯರ ಕಾಲು ತೊಳೆದು ಧಾರೆ ಎರೆದು ಇಷ್ಟು ಮತ್ತರು ಭೂಮಿ ಕೊಟ್ಟರು. ಮೂಡಲಿಗೆ ಯಾರ ಹೊಲ, ತೆಂಕಲಿಗೆ ಯಾವ ಹಳ್ಳ, ಹೂದೋಟಕ್ಕೆ ಎಷ್ಟು, ನಂದಾದೀವಿಗೆಗೆ ಗಾಣದಿಂದ ಎಷ್ಟು ಎಣ್ಣೆ, ಓದುವ ಮಕ್ಕಳ ಊಟಕ್ಕೆ ಎಷ್ಟು. ಅಳೆಯುವ ಕೋಲು ಯಾವುದೆಂಬುದನ್ನೂ ಹೇಳುವುದುಂಟು. ಕೆಲವು ಊರುಗಳಲ್ಲಿ ಆ ಕೋಲಿನ ಉದ್ದವನ್ನು ಗುಡಿಯ ಗೋಡೆಯ ಮೇಲೆಯೇ ಕೊರೆದಿಟ್ಟಿದ್ದಾರೆ, ಮುಂದೆ ಜಗಳವಾದರೆ ಬಂದು ಅಳೆದುಕೊಳ್ಳಲಿ ಎಂದು. ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವನ್ನೆಲ್ಲ ಎತ್ತಿ ಸರಿಮಾಡುವ ಖರ್ಚು. ಗುಡಿ ಇನ್ನೂ ಹೊಸದಾಗಿ ಮಿಂಚುತ್ತಿರುವಾಗಲೇ, ಇದು ಒಂದು ದಿನ ಒಡೆಯುತ್ತದೆ ಎಂದು ಒಪ್ಪಿಕೊಂಡು, ಅದಕ್ಕೊಂದು ಹೊಲ ಬಿಟ್ಟಿದ್ದಾರೆ. ಶಾಸನಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಮಾತು ಇದು. ಬಿರುದುಗಳ ಸಾಲಿಗಿಂತ ಈ ಮಾತಿನಲ್ಲಿ ಹೆಚ್ಚು ದೊಡ್ಡತನವಿದೆ.

ಕೊನೆಗೆ ಶಾಪ ಬರುತ್ತದೆ. ಈ ದತ್ತಿಯನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಪೊಲೀಸು, ಕಚೇರಿ ಇಲ್ಲದ ಕಾಲದಲ್ಲಿ ಮುಂದಿನ ತಲೆಮಾರುಗಳನ್ನು ಹೆದರಿಸಿಯೋ ಬೇಡಿಕೊಂಡೋ ಒಪ್ಪಿಸುವ ದಾರಿ ಅದು.

ಹೂಲಿಯ ಬರಹದ ಪರಂಪರೆ ಪಂಚಲಿಂಗೇಶ್ವರನಿಗಿಂತ ಐನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಬಾದಾಮಿಯ ಮಂಗಲೇಶನ ಕಾಲದ, ಎಂದರೆ ಆರು–ಏಳನೆಯ ಶತಮಾನಗಳ ಸಂಧಿಯ, ತಾಮ್ರಪಟ ಇಲ್ಲಿ ಸಿಕ್ಕಿದೆ. ಸೇಂದ್ರಕ ಮನೆತನದ ರವಿಶಕ್ತಿ ಒಂದು ಜಿನಾಲಯಕ್ಕೆ ಭೂಮಿ ಕೊಟ್ಟ ದಾಖಲೆ ಅದು. 1044ರ ಇನ್ನೊಂದು ಶಾಸನ ಬಸದಿಯೊಂದನ್ನು ಕಟ್ಟಿಸಿದ ಲಚ್ಚಿಯಬ್ಬರಸಿಯನ್ನು ಹೆಸರಿಸುತ್ತದೆ. ಆಕೆ ದತ್ತಿ ಕೊಟ್ಟದ್ದು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ಬಾಲಚಂದ್ರ ಭಟ್ಟಾರಕರಿಗೆ. ಯಾಪನೀಯರು ಜೈನರಲ್ಲೇ ಒಂದು ವಿಶಿಷ್ಟ ಪಂಗಡ. ಮುಖ್ಯವಾಗಿ ಕರ್ನಾಟಕದಲ್ಲಿ ಬೆಳೆದು ಇಲ್ಲಿಯೇ ಕರಗಿಹೋದವರು. ಅವರ ಮುನಿಗಳು ದಿಗಂಬರರಂತೆ ಇರುತ್ತಿದ್ದರು, ಆದರೆ ಹೆಂಗಸು ಹೆಂಗಸಾಗಿಯೇ ಮೋಕ್ಷ ಪಡೆಯಬಲ್ಲಳು ಎಂದು ಒಪ್ಪುತ್ತಿದ್ದರು. ಹೆಣ್ಣಿಗೆ ಮೋಕ್ಷದ ಬಾಗಿಲು ತೆರೆದಿಟ್ಟ ಸಂಘಕ್ಕೆ ಹೆಣ್ಣುಮಗಳೊಬ್ಬಳು ಹೂಲಿಯಲ್ಲಿ ಬಸದಿ ಕಟ್ಟಿಸಿಕೊಟ್ಟಳು. ಆಕೆಯ ಮನಸ್ಸಿನಲ್ಲಿ ಏನಿತ್ತು ಎಂದು ಕಲ್ಲು ಹೇಳುವುದಿಲ್ಲ. ಆದರೆ ಆ ಎರಡು ಸಂಗತಿಗಳು ಒಂದೇ ಕಲ್ಲಿನ ಮೇಲೆ ಕೂಡಿದ್ದನ್ನು ಕಂಡಾಗ ನಾನು ತುಸು ಹೊತ್ತು ಸುಮ್ಮನಾದೆ.

ಜೈನರ ಜೊತೆಗೆ ಕಾಳಾಮುಖ ಶೈವ ಯತಿಗಳೂ ಇಲ್ಲಿ ನೆಲೆ ನಿಂತಿದ್ದರು. ಊರಿನ ಆಡಳಿತ ಪೂಲಿಯ ಸಾವಿರ ಮಹಾಜನರ ಕೈಯಲ್ಲಿತ್ತು. ಶಾಸನದ ಭಾಷೆಯಲ್ಲಿ ಅವರು ಸಾಸಿರ್ವರು. ಪೂಲಿ ಓದುಬರಹದ ಅಗ್ರಹಾರ. ಕಲ್ಯಾಣದ ಚಾಲುಕ್ಯರು ಹೋಗಿ ಕಲಚುರಿ ಬಿಜ್ಜಳನ ಆಳ್ವಿಕೆ ಬಂದ ಮೇಲೂ ಇಲ್ಲಿ ಕಲ್ಲು ಬರೆಸುವುದು ನಿಲ್ಲಲಿಲ್ಲ. ಹತ್ತಿರದ ಸವದತ್ತಿ, ಅಂದರೆ ಅಂದಿನ ಸುಗಂಧವರ್ತಿ, ಕುಂಡಿ ಮೂರುಸಾಸಿರ ಸೀಮೆಯನ್ನು ಆಳಿದ ರಟ್ಟರ ರಾಜಧಾನಿ. ಹದಿಮೂರನೆಯ ಶತಮಾನದ ಹೊತ್ತಿಗೆ ಅವರ ಗದ್ದುಗೆ ವೇಣುಗ್ರಾಮಕ್ಕೆ, ಇಂದಿನ ಬೆಳಗಾವಿಗೆ ಸರಿಯಿತು. ಅಧಿಕಾರ ಬೇರೆಡೆಗೆ ಹೋಯಿತು. ಕಲ್ಲುಗಳು ಇದ್ದಲ್ಲಿಯೇ ಉಳಿದವು.

ಅವುಗಳಲ್ಲಿ ಕೆಲವನ್ನು ಓದಿಸಿದ ಕಥೆಯೂ ದೊಡ್ಡದು. 1867ರಲ್ಲಿ ಮುಂಬಯಿ ಸರ್ಕಾರದ ನೌಕರಿಗೆ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಈ ಕನ್ನಡ ಜಿಲ್ಲೆಗಳಲ್ಲಿ ತಿರುಗಿ ಶಾಸನಗಳ ಅಚ್ಚು ತೆಗೆಸಿದ. ರಟ್ಟರ ಇತಿಹಾಸ ಮೊದಲು ಬೆಳಕಿಗೆ ಬಂದದ್ದು ಅವನಿಂದ. ಹಲಗಲಿಯ ಬೇಡರ ಲಾವಣಿ, ಸಂಗೊಳ್ಳಿ ರಾಯಣ್ಣನ ಲಾವಣಿಗಳನ್ನು ಬರೆಸಿಕೊಂಡು ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನೂ ಅವನೇ. ಶಾಸನದ ಅಚ್ಚು ತೆಗೆಯುವ ಕೆಲಸ ಕಷ್ಟದ್ದೇನಲ್ಲ, ತಾಳ್ಮೆಯದ್ದು. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಮೈಗೆ ಅಂಟಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿದು ಕಾಗದ ಅಕ್ಷರದ ಗುಳಿಯೊಳಗೆ ಇಳಿಯುವಂತೆ ಮಾಡುತ್ತಾರೆ. ಮೇಲೆ ಮಸಿಯ ಗಂಟಿನಿಂದ ಮೆತ್ತಗೆ ಒತ್ತುತ್ತಾರೆ. ಉಬ್ಬಿದ್ದೆಲ್ಲ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಫ್ಲೀಟ್ ಕೂಡಿಟ್ಟ ಅಚ್ಚುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಅಲ್ಲಿದ್ದ ಎಲ್. ಡಿ. ಬಾರ್ನೆಟ್ ಹೂಲಿಯ ಶಾಸನಗಳನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೆಯ ಸಂಪುಟದಲ್ಲಿ ಪ್ರಕಟಿಸಿದರು. ಹೀಗೆ ಹೂಲಿಯ ಮಾತು ಲಂಡನ್ನಿಗೆ ಹೋಗಿ, ರೋಮನ್ ಅಕ್ಷರದಲ್ಲಿ ಕೂತು, ಇಂಗ್ಲಿಷ್ ಅನುವಾದದೊಂದಿಗೆ ವಿದ್ವಾಂಸರ ಕಪಾಟು ಸೇರಿ ನೂರು ವರ್ಷವಾಗುತ್ತ ಬಂತು.

ಊರಿನಲ್ಲಿ ಮಾತ್ರ ಅದು ಇನ್ನೂ ‘ಬರದ ಕಲ್ಲು’. ಯಾವ ಊರಿನಲ್ಲೇ ಆಗಲಿ, ಶಾಸನದ ಮುಂದೆ ಬಗ್ಗಿ ನಿಂತರೆ ಸುತ್ತ ನಾಲ್ಕು ಮಂದಿ ಕೂಡುತ್ತಾರೆ. “ಏನ್ ಬರದೈತ್ರೀ ಸರ ಅದರಾಗ?” ಎಂದು ಕೇಳುತ್ತಾರೆ. ನಿಧಿ ಎಲ್ಲಿದೆ ಎಂದು ಬರೆದಿದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಆ ನಂಬಿಕೆಯಿಂದಲೇ ನಾಡಿನಲ್ಲಿ ಎಷ್ಟೋ ಲಿಂಗಗಳು ಬುಡಮೇಲಾಗಿವೆ, ಎಷ್ಟೋ ನಂದಿಗಳು ಒಡೆದಿವೆ. “ನಿಧಿ ಅಲ್ರೀ ಅಜ್ಜಾರ, ಭೂಮಿ ಕೊಟ್ಟದ್ದು, ದೀಪಕ್ಕ ಎಣ್ಣಿ ಕೊಟ್ಟದ್ದು ಬರದಾರ” ಎಂದರೆ ಮೊದಲು ಮುಖದಲ್ಲಿ ಸಣ್ಣ ನಿರಾಶೆ. ಆಮೇಲೆ ಮತ್ತೊಂದು ಪ್ರಶ್ನೆ ಬರುತ್ತದೆ: “ಯಾರ ಹೊಲಾರೀ ಅದು? ಯಾ ದಿಕ್ಕಿಗೆ ಐತಂತ?” ರೈತನಿಗೆ ಮತ್ತರು, ಎಲ್ಲೆ, ಹಳ್ಳ ಎಂದರೆ ಕೂಡಲೇ ಅರ್ಥವಾಗುತ್ತದೆ. ಕಲ್ಲಿನಲ್ಲಿ ಬರೆದ ವಿಷಯ ಅವನದೇ ವಿಷಯ. ಅದನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳುವ ಕೆಲಸವೊಂದು ಬಾಕಿಯಿದೆ.

ಬೇರೆ ದೇಶದವರು ತಮ್ಮ ಸಣ್ಣ ಊರುಗಳಲ್ಲಿ ನೆನಪನ್ನು ಹೇಗೆ ಕಾಪಾಡುತ್ತಾರೆ ಎಂದು ನೋಡುವಾಗ ಹಂಗೆರಿಯ ಉದಾಹರಣೆ ನನ್ನ ಗಮನಕ್ಕೆ ಬಂತು. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1917ರಲ್ಲಿ, ಅಲ್ಲಿ ಒಂದು ಕಾನೂನು ಬಂತು. ಪ್ರತಿಯೊಂದು ಊರೂ ಯುದ್ಧದಲ್ಲಿ ಸತ್ತ ತನ್ನ ಮಕ್ಕಳ ಹೆಸರು ಕೆತ್ತಿಸಿ ಸ್ಮಾರಕ ನಿಲ್ಲಿಸಬೇಕು ಎಂದು. ಹಾಗಾಗಿ ಇಂದು ಅಲ್ಲಿಯ ಸಣ್ಣ ಸಣ್ಣ ಊರುಗಳ ಚೌಕದಲ್ಲೂ ಇಗರ್ಜಿಯ ಪಕ್ಕ ಒಂದು ಹೆಸರಿನ ಕಲ್ಲು, ಜೊತೆಗೆ 1848ರ ಸ್ವಾತಂತ್ರ್ಯ ಹೋರಾಟದ ನಾಯಕ ಕೊಶುತ್ ಲಾಯೋಶ್‌ನ ಪ್ರತಿಮೆ ಕಾಣಸಿಗುತ್ತವೆ. ಹಂಗೆರಿಯವರು ಮನೆತನದ ಹೆಸರನ್ನು ಮೊದಲು ಹೇಳಿ ಸ್ವಂತ ಹೆಸರನ್ನು ಆಮೇಲೆ ಹೇಳುತ್ತಾರೆ. ನಮ್ಮ ಸಂಗೊಳ್ಳಿ ರಾಯಣ್ಣ, ಅಮಟೂರ ಬಾಳಪ್ಪ, ಬೆಳವಡಿ ಮಲ್ಲಮ್ಮ ಎಂಬಂತೆ. ನಾವು ಊರನ್ನು ಮುಂದಿಡುತ್ತೇವೆ, ಅವರು ಮನೆಯನ್ನು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಆ ಕಾಲದ ಪ್ರತಿಮೆಗಳನ್ನು ರಾಜಧಾನಿ ಬುಡಾಪೆಸ್ಟಿನಲ್ಲಿ ಪುಡಿಮಾಡದೆ, ಊರ ಹೊರಗಿನ ಬಯಲಿಗೆ ಸಾಗಿಸಿ 1993ರಲ್ಲಿ ಒಂದು ಉದ್ಯಾನವನ್ನೇ ಮಾಡಿದರು. ಬೇಡವಾದ ನೆನಪನ್ನೂ ಓದಲು ಸಿಗುವಂತೆ ಇಡುವುದು ಒಳ್ಳೆಯ ಪಾಠ.

ಊರಿಗಾಗಿ ಸತ್ತವರ ಹೆಸರು ಕೆತ್ತಿಸುವುದು ನಮಗೆ ಹೊಸದಲ್ಲ. ಯಾವ ಕಾನೂನೂ ಇಲ್ಲದೆ ನಮ್ಮ ಊರುಗಳು ಅದನ್ನು ಸಾವಿರ ವರ್ಷ ಮಾಡಿದವು. ತುರುಗಳನ್ನು ಹೊಡೆದುಕೊಂಡು ಹೋಗುವವರ ಬೆನ್ನಟ್ಟಿ, ಹೆಣ್ಣುಮಕ್ಕಳ ಮಾನ ಕಾಯಲು ನಿಂತು ಬಿದ್ದವನಿಗೆ ವೀರಗಲ್ಲು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಅದು ಅರಸನಿಗೆ ಮೀಸಲಲ್ಲ. ಗೌಡನ ಮಗನಿಗೂ ಬೇಡರ ಹುಡುಗನಿಗೂ ಸಿಕ್ಕ ಗೌರವ. ಇಂದು ಎಷ್ಟೋ ವೀರಗಲ್ಲುಗಳು ಹನುಮಪ್ಪನ ಗುಡಿಯ ಹಿಂದೆ ಸಾಲಾಗಿ ಒರಗಿ, ಎಣ್ಣೆ ಕುಂಕುಮದ ಪದರದ ಕೆಳಗೆ ಮುಖ ಕಳೆದುಕೊಂಡು ನಿಂತಿವೆ.

ಸುತ್ತಲಿನ ತಾಲ್ಲೂಕುಗಳಲ್ಲಿ ನೆನಪು ಗಟ್ಟಿಯಾಗಿ ಉಳಿದ ಜಾಗಗಳೂ ಇವೆ. ಕಿತ್ತೂರಿನ ಕೋಟೆಯೊಳಗೆ ಅರಮನೆಯ ಅರ್ಧ ಗೋಡೆಗಳು ನಿಂತಿವೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದು ಆ ಕೋಟೆಯ ಮುಂದೆ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡ ಬೈಲಹೊಂಗಲದಲ್ಲಿ ಅವಳ ಸಮಾಧಿ ಇದೆ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡದಲ್ಲಿ ಆಲದ ಮರವೇ ಸ್ಮಾರಕ. ಮಕ್ಕಳಾಗಲಿ ಎಂದು ಬೇಡಿಕೊಂಡವರು ಅದಕ್ಕೆ ತೊಟ್ಟಿಲು ಕಟ್ಟುತ್ತಾರೆ. ಇಲ್ಲೆಲ್ಲ ಕಥೆ ಜನರ ಬಾಯಲ್ಲಿದೆ. ಲಾವಣಿಯಲ್ಲಿ, ನಾಟಕದಲ್ಲಿ, ಸಿನಿಮಾದಲ್ಲಿ ಬದುಕಿದೆ. ಕಲ್ಲು ಬಿದ್ದರೂ ಕಥೆ ನಿಲ್ಲುತ್ತದೆ. ಹೂಲಿಯದು ಇದಕ್ಕೆ ವಿರುದ್ಧವಾದ ಸ್ಥಿತಿ. ಅಲ್ಲಿ ಕಲ್ಲು ನಿಂತಿದೆ, ಕಥೆ ಬಿದ್ದಿದೆ. ಲಚ್ಚಿಯಬ್ಬರಸಿಯ ಹೆಸರಿನಲ್ಲಿ ಯಾವ ಸರ್ಕಲ್ಲೂ ಇಲ್ಲ. ಸಾಸಿರ್ವರ ಸಭೆಯ ಮೇಲೆ ಯಾರೂ ಲಾವಣಿ ಕಟ್ಟಲಿಲ್ಲ.

ಆದರೆ ದತ್ತಿಯ ಪರಂಪರೆ ಈ ನೆಲದಲ್ಲಿ ಸತ್ತಿಲ್ಲ. ಹೂಲಿಯ ತಾಲ್ಲೂಕಿನಲ್ಲೇ ಇರುವ ಸಿರಸಂಗಿಯ ದೇಸಾಯಿ ಲಿಂಗರಾಜರು (1861–1906) ತಮ್ಮ ದೊಡ್ಡ ಆಸ್ತಿಯನ್ನು ಮಕ್ಕಳ ಓದಿಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋದರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮೊದಲ ಪದವೀಧರ ಓದಿದ್ದು ಆ ದತ್ತಿಯ ಸಹಾಯದಿಂದ. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಅವರದೇ. ಹನ್ನೊಂದನೆಯ ಶತಮಾನದ ಹೂಲಿಯ ಕಲ್ಲನ್ನೂ ಲಿಂಗರಾಜರ ಮೃತ್ಯುಪತ್ರವನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದೇ ಮನಸ್ಸು ಬರೆದಂತೆ ಇದೆ: ಭೂಮಿ ಇಷ್ಟು, ಉದ್ದೇಶ ಇದು, ಯಾರೂ ಕೆಡಿಸಬಾರದು. ಸವದತ್ತಿ ಎಂಬ ಹೆಸರಿನಲ್ಲೂ ಕಿವಿಗೆ ‘ದತ್ತಿ’ ಕೇಳಿಸುತ್ತದೆ. ಅದು ಸುಗಂಧವರ್ತಿಯಿಂದ ಸವೆದು ಬಂದ ಹೆಸರು, ಅರ್ಥದ ನಂಟಿಲ್ಲ. ಆದರೂ ಕೇಳಿದಾಗೆಲ್ಲ ನನಗೆ ಸಂತೋಷವಾಗುತ್ತದೆ.

ಹೂಲಿಯ ಗುಡಿಗಳಿಗೆ ಬಿಟ್ಟ ಹೊಲಗಳು ಕಾಲದ ಜೊತೆ ಕೈಬದಲಾದವು. ಅರಸರು ಬದಲಾದರು, ಇನಾಮು ರದ್ದಾಯಿತು, ಉಳುವವನ ಹೆಸರಿಗೆ ಭೂಮಿ ಬಂತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಹೊಲದ ಜೊತೆಗಿದ್ದ ಹೊಣೆ, ಆ ಖಂಡಸ್ಫುಟಿತ ಜೀರ್ಣೋದ್ಧಾರ, ಯಾರ ಹೆಸರಿಗೂ ವರ್ಗವಾಗಲಿಲ್ಲ. ಪಂಚಲಿಂಗೇಶ್ವರ ಗುಡಿ ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಣೆಗೂ ಒಂದು ಬೆಲೆಯಿದೆ. 1958ರ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಪೇಟೆಯಲ್ಲಿ ಕೂತು ಕೇಳುವವರಿಗೆ ಇದು ಒಳ್ಳೆಯ ನಿಯಮ. ಗುಡಿಗೆ ಅಂಟಿಕೊಂಡು ಅಜ್ಜನ ಕಾಲದಿಂದ ಮನೆ ಇರುವವನಿಗೆ ಮಾತ್ರ, ಮಗನ ಮದುವೆಗೆ ಮೊದಲು ಒಂದು ಹೊಸ ಖೋಲಿ ಹಾಕುವಂತಿಲ್ಲ, ಹಳೆಯ ಗೋಡೆಯ ದುರಸ್ತಿಗೂ ಅಪ್ಪಣೆ ಕೇಳಬೇಕಾದ ತೊಡಕು. ಊರಿನವರು ಸ್ಮಾರಕವನ್ನು ಹೊರೆ ಎಂದು ತಿಳಿಯತೊಡಗಿದರೆ ತಪ್ಪು ಅವರದಲ್ಲ. ನಿಯಮದ ಜೊತೆಗೆ ಅವರಿಗೆ ಕಥೆಯನ್ನೂ, ಒಂದಿಷ್ಟು ಕೆಲಸವನ್ನೂ ನಾವು ಕೊಡಲಿಲ್ಲ. ರಕ್ಷಣೆಯ ಪಟ್ಟಿಗೆ ಸೇರದೆ ಉಳಿದ ಗುಡಿಗಳ ಸ್ಥಿತಿ ಇನ್ನೂ ಕಷ್ಟ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಅನೇಕ ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿದ ಬಗೆ ನನಗೆ ಸರಿ ಎನಿಸುತ್ತದೆ. ಅಲ್ಲಿ ಸರ್ಕಾರ ಒಂದು ಪಾಲು, ಟ್ರಸ್ಟ್ ಒಂದು ಪಾಲು, ಊರಿನವರು ಒಂದು ಪಾಲು ಹಾಕುತ್ತಾರೆ. ಸಣ್ಣದಾದರೂ ಸ್ವಂತ ದುಡ್ಡು ಬಿದ್ದ ಗುಡಿಯನ್ನು ಊರು ಬಿಟ್ಟುಕೊಡುವುದಿಲ್ಲ.

ಸರ್ಕಾರದ ದೊಡ್ಡ ಯೋಜನೆ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಪ್ರತಿ ಶಾಸನದ ಪಕ್ಕ, ಅದಕ್ಕೆ ತಾಗದಂತೆ, ಒಂದು ಫಲಕ ಬೇಕು. ಅದರಲ್ಲಿ ವರ್ಷ, ಕೊಟ್ಟವರು, ಪಡೆದವರು, ಕೊಟ್ಟದ್ದು, ಆಮೇಲೆ ಪೂರ್ತಿ ಪಾಠ ಇಂದಿನ ಕನ್ನಡದಲ್ಲಿ. ಓದುವ ಕೆಲಸ ನೂರು ವರ್ಷದ ಹಿಂದೆಯೇ ಆಗಿದೆ. ತಿಳಿಗನ್ನಡಕ್ಕೆ ಇಳಿಸಬಲ್ಲ ಪ್ರಾಧ್ಯಾಪಕರು ಧಾರವಾಡದಲ್ಲಿ, ಬೆಳಗಾವಿಯಲ್ಲಿ ಇದ್ದಾರೆ. ಊರ ಶಾಲೆಯ ಆರನೆಯ, ಏಳನೆಯ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಒಂದು ಪಾಠವನ್ನು ಗುಡಿಯ ಜಗಲಿಯಲ್ಲೇ ಕೂತು ಕೇಳಬಹುದು. ಮಂಗಲೇಶನೂ ವಿಕ್ರಮಾದಿತ್ಯನೂ ಅವರಿಗೆ ಪುಸ್ತಕದ ಹೆಸರುಗಳಷ್ಟೇ ಆಗಬೇಕಾಗಿಲ್ಲ. ತಮ್ಮ ಊರಿಗೆ ಕಾಗದಪತ್ರ ಬರೆದುಕೊಟ್ಟ ಮನುಷ್ಯರು ಅವರು. ಮಳೆಗಾಲಕ್ಕೆ ಮೊದಲು ಮಾಳಿಗೆಯ ಗಿಡ ತೆಗೆಯುವ ಕೆಲಸವನ್ನು ಇಲಾಖೆಯವರನ್ನು ಕೇಳಿಕೊಂಡು, ಅವರ ಕಣ್ಣೆದುರಿಗೇ, ಪಂಚಾಯತಿ ವರ್ಷಕ್ಕೊಮ್ಮೆ ಮಾಡಿಸಬಹುದು. ದೊಡ್ಡ ಬೇರಾದರೆ ಎಳೆಯಬಾರದು, ಕಲ್ಲೇ ಕಿತ್ತು ಬರುತ್ತದೆ. ಅದನ್ನು ತಿಳಿದವರಿಗೇ ಬಿಡಬೇಕು.

ನೋಡಲು ಹೋಗುವವರಿಗೂ ಒಂದೆರಡು ಮಾತು. ಅಕ್ಷರ ಕಾಣಲೆಂದು ಶಾಸನಕ್ಕೆ ಸೀಮೆಸುಣ್ಣ, ಸುಣ್ಣ, ಹಿಟ್ಟು ತಿಕ್ಕಬೇಡಿ. ಅದು ಗುಳಿಯಲ್ಲಿ ಕೂತು ಕಲ್ಲನ್ನೇ ತಿನ್ನುತ್ತದೆ. ಬೆಳಗಿನ ಏಳಕ್ಕೋ ಸಂಜೆ ಐದಕ್ಕೋ ಹೋಗಿ. ಓರೆ ಬಿಸಿಲು ಬಿದ್ದಾಗ ಅಕ್ಷರ ತಾನಾಗಿಯೇ ಎದ್ದು ನಿಲ್ಲುತ್ತದೆ. ಬಿಸಿಲು ಬಾರದ ಮೂಲೆಯಾದರೆ ಮೊಬೈಲಿನ ಬೆಳಕನ್ನು ಪಕ್ಕದಿಂದ ಹಿಡಿಯಿರಿ. ಭಕ್ತಿಯಿಂದಲೇ ಆದರೂ ಬರಹದ ಮೇಲೆ ಎಣ್ಣೆ ಹೊಯ್ಯಬೇಡಿ, ಹೊಳೆಯಲೆಂದು ಆಯಿಲ್ ಪೇಂಟ್ ಬಳಿಯಬೇಡಿ. ಪೂಜೆ ಮೂರ್ತಿಗೆ ಸಲ್ಲಲಿ, ಕಲ್ಲಿಗೆ ನಿಮ್ಮ ಕಣ್ಣು ಸಾಕು. ಹೊಲದಲ್ಲಿ ಯಾರಿಗಾದರೂ ಬರೆದ ಕಲ್ಲು, ತಾಮ್ರದ ಹಲಗೆ ಸಿಕ್ಕರೆ ಮುಚ್ಚಿಡಬೇಡಿ, ತಹಶೀಲ್ದಾರರ ಕಚೇರಿಗೆ ತಿಳಿಸಿ. ಮಂಗಲೇಶನ ಕಾಲದ ಹಲಗೆಗಳೂ ಒಂದು ಕಾಲಕ್ಕೆ ಹೀಗೆಯೇ ಯಾರದೋ ಕೈಗೆ ಸಿಕ್ಕವು.

ಮುಂದಿನ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ಅರ್ಧ ದಿನ ಉಳಿಸಿಕೊಳ್ಳಿ. ಸವದತ್ತಿಯಿಂದ 9 ಕಿಲೋಮೀಟರು. ಮಕ್ಕಳನ್ನು ಕರೆದುಕೊಂಡು ಹೋಗಿ, ಪಂಚಲಿಂಗೇಶ್ವರನ ಮಂಟಪದಲ್ಲಿ ಕೂರಿಸಿ, ಕಲ್ಲಿನ ತಲೆಯ ಮೇಲಿನ ಸೂರ್ಯ ಚಂದ್ರರನ್ನು ತೋರಿಸಿ. ಅವು ಏಕೆ ಅಲ್ಲಿವೆ ಎಂದು ಅವರು ಕೇಳಿಯೇ ಕೇಳುತ್ತಾರೆ.